ದೋಣಿಯ ಒಡಲಿಗೆ ಫೋಮ್ ಕೋರ್ ಆರಿಸುವ ಬಗೆ

ಗ್ಲಾಸ್ ಫೈಬರಿನ ಎರಡು ತೆಳು ಪದರಗಳ ನಡುವೆ ಹಗುರವಾದ ಫೋಮ್ ಹಾಳೆಯನ್ನು, ಅಂದರೆ ಕೋರನ್ನು, ಅಂಟಿಸಿ ದೋಣಿಯ ಒಡಲು ಕಟ್ಟಿದಾಗ, ತೂಕ ಹೆಚ್ಚು ಏರದೆ ಬಿಗಿತ ಬಹಳ ಹೆಚ್ಚುತ್ತದೆ. ಫೈಬರಿನ ಪ್ರಮಾಣವನ್ನು ಹಾಗೆಯೇ ಇರಿಸಿ, ನಡುವೆ ಫೋಮ್ ತುಂಬಿ ಒಟ್ಟು ದಪ್ಪವನ್ನು ಎರಡು ಪಟ್ಟು ಮಾಡಿದರೆ ಬಾಗದಿರುವ ಬಿಗಿತ ಸುಮಾರು 7 ಪಟ್ಟಾಗುತ್ತದೆ. ನಾಲ್ಕು ಪಟ್ಟು ಮಾಡಿದರೆ ಸುಮಾರು 37 ಪಟ್ಟಾಗುತ್ತದೆ. ಈ ಲೆಕ್ಕ ಸರಿಹೋಗುವುದು ಎರಡೂ ಪದರಗಳು ಒಂದಕ್ಕೊಂದು ಜಾರದಂತೆ ಫೋಮ್ ಹಿಡಿದಿಟ್ಟಾಗ ಮಾತ್ರ. ಆದ್ದರಿಂದ ತಯಾರಕರ ಮಾಹಿತಿ ಹಾಳೆಯಲ್ಲಿ ಮೊದಲು ನೋಡಬೇಕಾದದ್ದು ಈ ಜಾರುವಿಕೆಯನ್ನು ತಡೆಯುವ ಶಕ್ತಿಯನ್ನು, ಅಂದರೆ ಶಿಯರ್ ಸಾಮರ್ಥ್ಯವನ್ನು. ಬೆಲೆಯನ್ನು ಆಮೇಲೆ ನೋಡಬಹುದು.

ಮೊದಲು ಕೈಬಿಡಬೇಕಾದವು ಎರಡು. ಥರ್ಮೋಕೋಲ್ ಎಂದು ನಾವು ಕರೆಯುವ ಪಾಲಿಸ್ಟೈರೀನನ್ನು, ಫೈಬರಿಗೆ ಬಳಿದು ಗಟ್ಟಿಯಾಗಿಸುವ ದ್ರವಗಳಾದ ಪಾಲಿಯೆಸ್ಟರ್ ಮತ್ತು ವಿನೈಲ್ ಎಸ್ಟರ್ ರೆಸಿನ್‌ಗಳಲ್ಲಿರುವ ಸ್ಟೈರೀನ್ ಎಂಬ ದ್ರಾವಕ ಕರಗಿಸಿಬಿಡುತ್ತದೆ. ಶೀತಲ ಪೆಟ್ಟಿಗೆಗಳಲ್ಲಿ ಬಳಸುವ ಹಗುರ ಪಾಲಿಯುರೆಥೇನ್ ಫೋಮ್ ಕರಗುವುದಿಲ್ಲವಾದರೂ, ಅಲೆಗಳ ಹೊಡೆತ ಮತ್ತು ಎಂಜಿನ್ನಿನ ಕಂಪನಕ್ಕೆ ಅಂಟಿನ ಅಂಚಿನಲ್ಲೇ ಪುಡಿಯಾಗತೊಡಗುವುದರಿಂದ ಭಾರ ಹೊರುವ ಒಡಲಿಗೆ ಅದು ಸಲ್ಲದು.

ಉಳಿದವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಡಿವಿನೈಸೆಲ್ ಎಚ್, ಏರೆಕ್ಸ್ ಸಿ70 ಮುಂತಾದ ಹೆಸರುಗಳಲ್ಲಿ ಸಿಗುವ ಕ್ರಾಸ್-ಲಿಂಕ್ಡ್ ಪಿವಿಸಿ, ಅಂದರೆ ಅಣುಸರಪಣಿಗಳು ಒಂದಕ್ಕೊಂದು ಹೆಣೆದುಕೊಂಡ ಪ್ಲಾಸ್ಟಿಕ್ ಫೋಮ್. ಇದು ಬಿಗಿಯಾದದ್ದು, ಸ್ಟೈರೀನನ್ನು ಚೆನ್ನಾಗಿ ತಾಳುತ್ತದೆ. ಕೋರ್‌ಸೆಲ್‌ನಂಥ ಸ್ಯಾನ್ (ಸ್ಟೈರೀನ್-ಆಕ್ರಿಲೋನೈಟ್ರೈಲ್ ಪ್ಲಾಸ್ಟಿಕ್) ಫೋಮ್ ಇದಕ್ಕಿಂತ ಹೆಚ್ಚು ಹಿಗ್ಗಬಲ್ಲದಾದ್ದರಿಂದ ಪೆಟ್ಟು ಬಿದ್ದಾಗ ಥಟ್ಟನೆ ಬಿರಿಯದೆ ಮಣಿದು ತಾಳಿಕೊಳ್ಳುತ್ತದೆ. ಆ ಹೆಣಿಗೆಯಿಲ್ಲದ ಲೀನಿಯರ್ ಪಿವಿಸಿಗೂ ಈ ಗುಣ ಉಂಟು, ಆದರೆ ಅದು ಬಿಸಿಗೆ ಬೇಗ ಮೆತ್ತಗಾಗುತ್ತದೆ. ನಮ್ಮ ಕರಾವಳಿಯಂಥ ಬಿಸಿಲಿನ ಸೀಮೆಯಲ್ಲಿ ಡೆಕ್ಕಿಗೆ ಅದನ್ನು ಹಾಕುವುದನ್ನು ನಾನು ಒಪ್ಪುವುದಿಲ್ಲ. ನೀರಿನ ಬಾಟಲಿಗಳ ಪ್ಲಾಸ್ಟಿಕ್ಕಾದ ಪಿಇಟಿಯ ಫೋಮ್ ಮರುಬಳಕೆಗೆ ಒದಗುತ್ತದೆ, ಬಿಸಿಯನ್ನೂ ತಾಳುತ್ತದೆ. ಆದರೆ ಅಷ್ಟೇ ಶಿಯರ್ ಸಾಮರ್ಥ್ಯ ಬೇಕೆಂದರೆ ಪಿವಿಸಿಗಿಂತ ಹೆಚ್ಚು ಸಾಂದ್ರತೆಯ ಹಾಳೆಯನ್ನೇ ಕೊಳ್ಳಬೇಕಾಗುತ್ತದೆ.

ಇಡೀ ದೋಣಿಗೆ ಒಂದೇ ಫೋಮ್ ಸಾಕೆಂಬ ಎಣಿಕೆ ಸರಿಯಲ್ಲ. 8 ಮೀಟರಿನ ವೇಗದ ಮೋಟಾರು ದೋಣಿಯನ್ನು ತೆಗೆದುಕೊಳ್ಳಿ. ನೀರಿಗೆ ಅಪ್ಪಳಿಸುವ ಮುಂಭಾಗದ ತಳಕ್ಕೆ ಘನಮೀಟರಿಗೆ 100ರಿಂದ 130 ಕಿಲೋ ಸಾಂದ್ರತೆಯ, ಸಾಧ್ಯವಾದರೆ ಸ್ಯಾನ್ ಜಾತಿಯ ಫೋಮನ್ನು ಪರಿಗಣಿಸಬೇಕು; ಪಕ್ಕದ ಗೋಡೆಗಳಿಗೆ 60ರಿಂದ 80 ಕಿಲೋದ ಕ್ರಾಸ್-ಲಿಂಕ್ಡ್ ಪಿವಿಸಿ ಸಾಮಾನ್ಯವಾಗಿ ಸಾಕಾಗುತ್ತದೆ. ಹೊರ ಎಂಜಿನ್ ತೂಗುವ ಹಿಂಗೋಡೆಗೆ ಮತ್ತು ಬೋಲ್ಟ್ ಬಿಗಿಯುವ ಕಡೆಗಳಿಗೆ ಹಗುರ ಫೋಮ್ ಬೇಡ, ಅದು ಜಜ್ಜಿಹೋಗುತ್ತದೆ. ಅಲ್ಲಿ ಬಹು ಸಾಂದ್ರವಾದ ಹಲಗೆಯನ್ನೋ ಫೋಮ್ ಇಲ್ಲದ ಬರಿ ಫೈಬರ್ ಪದರಗಳ ಗಟ್ಟಿ ಲ್ಯಾಮಿನೇಟನ್ನೋ ಇಡಬೇಕು. ತಳದ ನಡುವೆ ಉದ್ದಕ್ಕೂ ಸಾಗುವ ಕೀಲ್ ಗೆರೆಯಲ್ಲಿ ಮತ್ತು ನೀರಿನ ಮಟ್ಟದ ಕೆಳಗೆ ತೂತು ಕೊರೆಯುವ ಪ್ರತಿಯೊಂದು ಕಡೆಯಲ್ಲಿ ಕೋರನ್ನು ಪೂರ್ತಿ ತೆಗೆದು, ಅದರ ಅಂಚನ್ನು ಓರೆಯಾಗಿ ಇಳಿಸಿ, ಎರಡೂ ಪದರಗಳನ್ನು ಒಂದಾಗಿ ಬೆಸೆಯಬೇಕು. ಅಂತಿಮ ದಪ್ಪವನ್ನು ಸಣ್ಣ ದೋಣಿಗಳ ಒಡಲಿಗಾಗಿ ಇರುವ ಐಎಸ್ಒ 12215-5 ಮಾನದಂಡದ ಲೆಕ್ಕದಂತೆ ನೌಕಾ ವಿನ್ಯಾಸಕರಿಂದ ಗೊತ್ತುಮಾಡಿಸಿಕೊಳ್ಳಿ.

ಹಾಳೆಯ ರೂಪವನ್ನೂ ಆರಿಸಬೇಕಾಗುತ್ತದೆ. ಬಾಗಿದ ಅಚ್ಚಿಗೆ ಚೌಕ ಚೌಕವಾಗಿ ಸೀಳಿದ ಹಾಳೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ಆದರೆ ಆ ಸೀಳುಗಳಲ್ಲೆಲ್ಲ ರೆಸಿನ್ ತುಂಬಿ ತೂಕ ಏರುತ್ತದೆ, ತುಂಬದೆ ಬಿಟ್ಟರೆ ಮುಂದೆ ನೀರು ಹರಿಯುವ ದಾರಿಯಾಗುತ್ತದೆ. ಹೆಚ್ಚು ಬಾಗಿಲ್ಲದ ಭಾಗಗಳಿಗೆ ಸೀಳಿಲ್ಲದ, ಗಾಳಿ ಹೊರಹೋಗಲು ಸಣ್ಣ ತೂತುಗಳಿರುವ ಹಾಳೆಯೇ ಮೇಲು. ನಿರ್ವಾತದಿಂದ ರೆಸಿನನ್ನು ಎಳೆದು ತುಂಬುವ ವ್ಯಾಕ್ಯೂಮ್ ಇನ್‌ಫ್ಯೂಷನ್‌ಗಾದರೆ ರೆಸಿನ್ ಹರಿಯಲು ಗೀರು ಕೊರೆದ ಹಾಳೆಯನ್ನು ಕೇಳಿ ಪಡೆಯಿರಿ.

ಎಷ್ಟೇ ಒಳ್ಳೆಯ ಫೋಮ್ ಆದರೂ ಧೂಳಿನ ಮೇಲೆ ಅಂಟಿಸಿದರೆ ಕೆಲವೇ ವರ್ಷಗಳಲ್ಲಿ ಕಳಚಿಕೊಳ್ಳಬಹುದು. ಮೇಲ್ಮೈಯನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಶುಚಿಗೊಳಿಸಿ, ಫೋಮಿನ ಬಾಯ್ತೆರೆದ ರಂಧ್ರಗಳು ತುಂಬುವಂತೆ ತೆಳುವಾಗಿ ರೆಸಿನ್ ಬಳಿದು, ಆಮೇಲೆ ಗಾಳಿ ಹೀರಿದ ವ್ಯಾಕ್ಯೂಮ್ ಚೀಲದ ಒತ್ತಡದಲ್ಲಿ ಕೂರಿಸಬೇಕು. ಪೂರ್ತಿ ಸರಕು ಕೊಳ್ಳುವ ಮುನ್ನ, ನೀವು ಬಳಸಲಿರುವ ರೆಸಿನ್ನಿನಲ್ಲೇ ಒಂದು ಸಣ್ಣ ತುಂಡನ್ನು ತಯಾರಿಸಿ, ಅದು ಪೂರ್ತಿ ಗಟ್ಟಿಯಾದ ಮೇಲೆ ಉಳಿಯಿಂದ ಹೊರಪದರವನ್ನು ಎಬ್ಬಿಸಿ ನೋಡಿ. ಫೋಮೇ ಹರಿದು ಪದರಕ್ಕೆ ಕಚ್ಚಿಕೊಂಡು ಬಂದರೆ ಅಂಟು ಸರಿಯಾಗಿದೆ. ಪದರ ನುಣ್ಣಗೆ ಬೇರ್ಪಟ್ಟರೆ ಆ ಫೋಮ್, ಆ ರೆಸಿನ್ ಅಥವಾ ಅಂಟಿಸಿದ ಕ್ರಮ, ಮೂರರಲ್ಲಿ ಒಂದನ್ನು ಬದಲಿಸಿ ಮತ್ತೆ ಪರೀಕ್ಷಿಸಬೇಕು.