ಕೂಲಾಂಬ್ ಲೆಕ್ಕ, ತಕ್ಕಡಿಯ ಲೆಕ್ಕ

ಮಿಶ್ರಲೋಹದಲ್ಲಿರುವ ತಾಮ್ರವನ್ನು ವಿದ್ಯುದ್ವಿಭಜನೆಯಿಂದ ಅಳೆಯುವಾಗ ನಾನು ಫ್ಯಾರಡೆಯ ನಿಯಮವನ್ನು (ಕೂರುವ ಲೋಹ ಹರಿದ ವಿದ್ಯುದಾವೇಶಕ್ಕೆ ತಕ್ಕಷ್ಟು) ಬಳಸುವುದು ಸಮಯದ ಅಂದಾಜಿಗೆ ಮಾತ್ರ. ಫಲಿತಾಂಶಕ್ಕೆ, ಕ್ಯಾಥೋಡ್ ಎಂಬ ಋಣ ವಿದ್ಯುದ್ವಾರವಾದ ಪ್ಲಾಟಿನಂ ಜಾಲರಿಯ ಮೇಲೆ ಕೂತ ತಾಮ್ರವನ್ನು ತೂಗುವ ತಕ್ಕಡಿಯನ್ನೇ ನಂಬುತ್ತೇನೆ. 2 ಆಂಪಿಯರ್ ಪ್ರವಾಹ 30 ನಿಮಿಷ ಹರಿದರೆ 3,600 ಕೂಲಾಂಬ್ ಆವೇಶ. ಅದನ್ನು ಒಂದು ಮೋಲ್ ಎಲೆಕ್ಟ್ರಾನುಗಳ ಆವೇಶವಾದ 96,485ರಿಂದ ಭಾಗಿಸಿ, ತಾಮ್ರದ ಅಯಾನೊಂದಕ್ಕೆ ಎರಡು ಎಲೆಕ್ಟ್ರಾನ್ ಬೇಕಾದ್ದರಿಂದ ಮತ್ತೆ ಎರಡರಿಂದ ಭಾಗಿಸಿ, ತಾಮ್ರದ ಪರಮಾಣು ತೂಕವಾದ 63.55ರಿಂದ ಗುಣಿಸಿದರೆ 1.186 ಗ್ರಾಂ ಬರುತ್ತದೆ. ಬೀಕರಿನಲ್ಲಿರುವುದು 0.3 ಗ್ರಾಂ ತಾಮ್ರವಷ್ಟೇ ಆದರೂ ನಾನು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಪ್ರವಾಹ ಹರಿಸುತ್ತೇನೆ. ದ್ರಾವಣದಲ್ಲಿ ತಾಮ್ರ ಕಡಿಮೆಯಾಗುತ್ತ ಹೋದಂತೆ ಅಯಾನುಗಳು ಕ್ಯಾಥೋಡನ್ನು ತಲುಪುವ ವೇಗವೂ ಕುಗ್ಗುತ್ತದೆ, ಉಳಿದ ಪ್ರವಾಹ ಬೇರೆ ಕ್ರಿಯೆಗಳ ಪಾಲಾಗುತ್ತದೆ.

ಆ ಬೇರೆ ಕ್ರಿಯೆ ಯಾವುದಾಗಬೇಕೆಂಬುದನ್ನು ಮಾತ್ರ ನಾವು ನಿರ್ಧರಿಸಬಹುದು. ಹೈಡ್ರೋಜನ್ ಗುಳ್ಳೆಗಳೆದ್ದರೆ ತಾಮ್ರ ಸ್ಪಂಜಿನಂತೆ ಕೂತು, ತೊಳೆಯುವಾಗ ಉದುರುತ್ತದೆ. ಸಲ್ಫ್ಯೂರಿಕ್ ಆಮ್ಲದ ಜೊತೆ ಸ್ವಲ್ಪ ನೈಟ್ರಿಕ್ ಆಮ್ಲವಿದ್ದರೆ ಹೈಡ್ರೋಜನ್ ಬದಲು ನೈಟ್ರೇಟ್ ಅಮೋನಿಯಂ ಆಗಿ ಅಪಕರ್ಷಣಗೊಳ್ಳುತ್ತದೆ, ಪದರ ನುಣುಪಾಗಿ ಅಂಟಿಕೊಳ್ಳುತ್ತದೆ. ನೈಟ್ರಸ್ ಆಮ್ಲ ಉಳಿದರೆ ಕೂತ ತಾಮ್ರವೇ ಕರಗುವುದರಿಂದ ದ್ರಾವಣವನ್ನು ಮೊದಲೇ ಕುದಿಸಿ, ಚಿಟಿಕೆ ಯೂರಿಯಾ ಹಾಕುತ್ತೇನೆ. ಕ್ಲೋರೈಡ್ ಅಂತೂ ಇರಲೇಬಾರದು. ಅದು ಪ್ಲಾಟಿನಂ ಆನೋಡನ್ನು (ಧನ ವಿದ್ಯುದ್ವಾರ) ತಿನ್ನುತ್ತದೆ.

ಕೆಲಸ ಮುಗಿಯಿತೇ ಎಂದು ತಿಳಿಯಲು ನೀಲಿ ಬಣ್ಣ ಹೋದದ್ದು ಸಾಲದು. ಸ್ವಲ್ಪ ನೀರು ಸೇರಿಸಿ ಮಟ್ಟ ಏರಿಸುತ್ತೇನೆ: ಹೊಸದಾಗಿ ಮುಳುಗಿದ ಪ್ಲಾಟಿನಂ ಜಾಲರಿ ಕಾಲು ಗಂಟೆಯ ನಂತರವೂ ಬೆಳ್ಳಗೇ ಇದ್ದರೆ ಮುಗಿದಂತೆ. ಪ್ರವಾಹ ನಿಲ್ಲಿಸದೆಯೇ ವಿದ್ಯುದ್ವಾರವನ್ನು ಮೇಲೆತ್ತಿ ತೊಳೆದು, ಅಸಿಟೋನಿನಲ್ಲಿ ಅದ್ದಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ನಾಲ್ಕು ನಿಮಿಷ ಮಾತ್ರ ಒಣಗಿಸುತ್ತೇನೆ. ಹೆಚ್ಚಾದರೆ ತಾಮ್ರ ಆಕ್ಸೈಡ್ ಆಗಿ ತೂಕ ಏರುತ್ತದೆ.

ಬೆಳ್ಳಿಯೂ ಇರುವ ಮಾದರಿಯಲ್ಲಿ ಬೆಳ್ಳಿ ಮಾತ್ರ ಮೊದಲು ಕೂರುವಂತೆ ಮಾಡಲು ಪ್ರವಾಹಕ್ಕಿಂತ ಕ್ಯಾಥೋಡಿನ ವಿಭವದ (ವೋಲ್ಟ್‌ನಲ್ಲಿ ಅಳೆಯುವ ಮಟ್ಟ) ಮೇಲೆ ಹಿಡಿತ ಮುಖ್ಯ. ಸಾರತೆಗೂ ವಿಭವಕ್ಕೂ ಇರುವ ನಂಟನ್ನು ಹೇಳುವ ನರ್ನ್‌ಸ್ಟ್ ಸಮೀಕರಣದ ಪ್ರಕಾರ, ಹೈಡ್ರೋಜನ್ ವಿದ್ಯುದ್ವಾರಕ್ಕೆ ಹೋಲಿಸಿ, ಬೆಳ್ಳಿ ಲೀಟರಿಗೆ ಮೋಲಿನ ಹತ್ತು ಲಕ್ಷದ ಒಂದು ಭಾಗಕ್ಕೆ ಇಳಿಯುವುದು 0.44 ವೋಲ್ಟ್‌ನಲ್ಲಿ, 0.1 ಮೋಲಾರ್ ತಾಮ್ರ ಕೂರಲು ತೊಡಗುವುದು 0.31ರಲ್ಲಿ. ವಿಭವವನ್ನು ನಡುವಿನ 0.38ರಲ್ಲಿ ಹಿಡಿದಿಡಬೇಕು, ಅಳತೆಗೆ ಆಧಾರವಾಗಿ ಬಳಸುವ ಸಂತೃಪ್ತ ಕ್ಯಾಲೊಮೆಲ್ ವಿದ್ಯುದ್ವಾರಕ್ಕೆ ಹೋಲಿಸಿದರೆ ಇದು ಸುಮಾರು 0.14. ಕ್ಯಾಲೊಮೆಲ್‌ನ ಕ್ಲೋರೈಡ್ ಸೋರಿ ಬೆಳ್ಳಿ ಪ್ರಕ್ಷೇಪವಾಗದಂತೆ ನಡುವೆ ಪೊಟ್ಯಾಸಿಯಂ ನೈಟ್ರೇಟಿನ ಸೇತುವೆ ಇಡುತ್ತೇನೆ.

ಕೂಲಾಂಬ್‌ಗಳೇ ಉತ್ತರವಾಗುವುದು ಕೂಲಾಂಬ್ ಅನುಮಾಪನದಲ್ಲಿ (ಬೇಕಾದ ಕಾರಕವನ್ನು ಪ್ರವಾಹದಿಂದಲೇ ಹುಟ್ಟಿಸಿ ಅಳೆಯುವ ವಿಧಾನ), ಅದೂ ಪ್ರವಾಹವೆಲ್ಲ ಒಂದೇ ಕ್ರಿಯೆಗೆ ಸಂದಾಗ. ಆಸ್ಕಾರ್ಬಿಕ್ ಆಮ್ಲವನ್ನು (ವಿಟಮಿನ್ ಸಿ) ಅಳೆಯಲು ಪೊಟ್ಯಾಸಿಯಂ ಅಯೋಡೈಡಿನಿಂದ ಆನೋಡಿನಲ್ಲಿ ಅಯೋಡಿನ್ ಹುಟ್ಟಿಸುತ್ತೇನೆ. ಅದು ಕ್ಯಾಥೋಡಿಗೆ ಹೋಗಿ ಮತ್ತೆ ಅಯೋಡೈಡ್ ಆಗದಂತೆ ಕ್ಯಾಥೋಡನ್ನು ರಂಧ್ರಗಾಜಿನ ತಳದ ಕೊಳವೆಯೊಳಗೆ ಪ್ರತ್ಯೇಕವಾಗಿಡುತ್ತೇನೆ. 10 ಮಿಲಿಆಂಪಿಯರ್, 200 ಸೆಕೆಂಡ್ ಎಂದರೆ 2 ಕೂಲಾಂಬ್, ಅಂದರೆ 1.825 ಮಿಲಿಗ್ರಾಂ ಆಸ್ಕಾರ್ಬಿಕ್ ಆಮ್ಲ. ಮೀಟರಿನ ಅಂಕಿಗಿಂತ, 100 ಓಮ್‌ನ ನಿಖರ ರೋಧಕದ ಎರಡು ತುದಿಗಳ ನಡುವೆ 1 ವೋಲ್ಟ್ ಕದಲದೆ ನಿಂತಿದೆಯೇ ಎಂಬುದನ್ನು ನೋಡುವುದು ನನಗೆ ಹೆಚ್ಚು ಭರವಸೆ ಕೊಡುತ್ತದೆ. ದ್ರಾವಣದಲ್ಲಿ ಅಯೋಡಿನ್ನನ್ನು ನುಂಗುವ ಕಶ್ಮಲಗಳಿದ್ದರೆ ಅವೂ ಲೆಕ್ಕಕ್ಕೆ ಸೇರಿಬಿಡುತ್ತವೆ. ಆದ್ದರಿಂದ ಮಾದರಿ ಹಾಕುವ ಮುನ್ನವೇ ಪಿಷ್ಟದ ತಿಳಿನೀಲಿ ಬರುವಷ್ಟು ಪ್ರವಾಹ ಹರಿಸಿ, ಮಾದರಿ ಹಾಕಿದ ಮೇಲೆ ಅದೇ ನೀಲಿ ಮರಳುವವರೆಗಿನ ಸೆಕೆಂಡುಗಳನ್ನಷ್ಟೇ ಎಣಿಸುತ್ತೇನೆ.