ಹಳೇ ಮಾರುತಿ ಜಿಪ್ಸಿಯ ಹೀಟರ್ ಬದಲಾಯಿಸಿದ್ದು: ನನ್ನ ಅನುಭವ

ಮಲ್ನಾಡಲ್ಲಿ ಇರೋರಿಗೆ ಗಾಡೀಲಿ ಹೀಟರ್ ಎಂತಕ್ಕೆ ಮಾರಾಯ, ನಾವೇನು ಕಾಶ್ಮೀರದಲ್ಲಿದ್ದೀವಾ ಅಂತ ಕೇಳೋರು ಒಂದ್ಸಲ ಜುಲೈ ತಿಂಗಳಲ್ಲಿ ಎಸಿ ಇಲ್ದಿರೋ ಜಿಪ್ಸಿ ತಗೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳೀಬೇಕು. ಹೊರಗೆ ಮಳೆ, ಮಂಜು, ಒಳಗೆ ನೆಂದ ಬಟ್ಟೇಲಿ ನಾಲ್ಕು ಜನ ಉಸಿರು ಬಿಡ್ತಾ ಕೂತಿರ್ತಾರೆ, ನೋಡ್ತಾ ನೋಡ್ತಾ ಮುಂದಿನ ಗ್ಲಾಸು ಪೂರ್ತಿ ಬೆಳ್ಳಗಾಗತ್ತೆ, ಒಂದು ಕೈಲಿ ಸ್ಟೇರಿಂಗ್ ಇನ್ನೊಂದು ಕೈಲಿ ಬಟ್ಟೆ. ಶಾಂಪೂ ಹಚ್ಚಿ, ಆಲೂಗಡ್ಡೆ ಉಜ್ಜಿ ಅಂತ ಸಲಹೆ ಕೊಡೋರಿದಾರೆ, ಅದೆಲ್ಲ ಸ್ವಲ್ಪ ಹೊತ್ತಿನ ಕತೆ. ಎಸಿ ಇಲ್ದಿರೋ ಗಾಡೀಲಿ ಇದಕ್ಕೆ ಸರಿಯಾದ ಮದ್ದು ಹೀಟರೇ. ಲೆಕ್ಕ ಸುಲಭ ಇದೆ, 20 ಡಿಗ್ರಿಯ ಪೂರ್ತಿ ತೇವ ತುಂಬಿರೋ ಗಾಳಿನ 40 ಡಿಗ್ರಿಗೆ ಬಿಸಿ ಮಾಡಿದ್ರೆ ಅದರ ರಿಲೇಟಿವ್ ಹ್ಯುಮಿಡಿಟಿ, ಅಂದ್ರೆ ಗಾಳಿ ಹಿಡಿಯೋಕಾಗೋ ತೇವದಲ್ಲಿ ಎಷ್ಟು ಪಾಲು ತುಂಬಿದೆ ಅನ್ನೋದು, ಹೆಚ್ಚುಕಮ್ಮಿ ಮೂರನೇ ಒಂದು ಭಾಗಕ್ಕೆ ಇಳಿಯತ್ತೆ, ಆ ಗಾಳಿ ಗ್ಲಾಸಿಗೆ ಬಡಿದ್ರೆ ಅಲ್ಲಿರೋ ಪಸೆ ತಾನೇ ಆರತ್ತೆ. ನಮ್ಮ ಕಡೆ ಹೀಟರ್ ಇರೋದು ಕಾಲು ಬೆಚ್ಚಗಿಡೋಕಲ್ಲ, ರೋಡು ಕಾಣೋಕೆ.

ನಂದು ಜಿಪ್ಸಿ ಕಿಂಗ್, ಕಾರ್ಬುರೇಟರ್ ಇರೋದು. ಗೊತ್ತಿಲ್ದೋರಿಗೆ ಹೇಳ್ತೀನಿ, 1985ರಲ್ಲಿ ಜಿಪ್ಸಿ ಬಂದಾಗ 970 ಸಿಸಿ ಇಂಜಿನ್, 1996ರಲ್ಲಿ ಕಿಂಗ್ ಬಂದಾಗ 1298 ಸಿಸಿ ಆಯ್ತು, ಕಾರ್ಬುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್ ಇರೋ ಎಂಪಿಎಫ್‌ಐ ಬಂದಿದ್ದು ಆಮೇಲೆ. ನಿಮ್ಮದು ಬೇರೆ ಮಾಡೆಲ್ ಆದ್ರೆ ಸ್ಕ್ರೂ ವೈರಿಂಗಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಇರಬಹುದು.

ಕಾಯಿಲೆ ಶುರುವಾಗಿದ್ದು ವಾಸನೆಯಿಂದ. ಹೀಟರ್ ಹಾಕಿದ ಕೂಡ್ಲೆ ಒಂಥರಾ ಸಿಹಿ ವಾಸನೆ, ಗ್ಲಾಸಿನ ಒಳಗಡೆ ಜಿಡ್ಡು ಜಿಡ್ಡು ಪದರ, ಎಷ್ಟು ಒರೆಸಿದ್ರೂ ಮತ್ತೆ ಕೂರತ್ತೆ, ಕಾಲಡಿ ಮ್ಯಾಟ್ ಎತ್ತಿ ನೋಡಿದ್ರೆ ಅಂಟು ನೀರು. ಮಳೆ ನೀರೂ ಒಳಗೆ ಬರತ್ತೆ ಈ ಗಾಡೀಲಿ, ಅದು ಬೇರೆ ವಿಷಯ, ಆದ್ರೆ ಮಳೆ ನೀರು ಬೆರಳಿಗೆ ಅಂಟಲ್ಲ. ಸಿಹಿ ವಾಸನೆ, ಅಂಟು, ರೇಡಿಯೇಟರಲ್ಲಿ ಕೂಲಂಟ್ ಕಡಿಮೆ ಆಗ್ತಿರೋದು ಮೂರೂ ಸೇರಿದ್ರೆ ಡ್ಯಾಶ್‌ಬೋರ್ಡ್ ಹಿಂದೆ ಹೀಟರ್ ಕೋರ್ ಸೋರ್ತಿದೆ ಅಂತಲೇ ಅರ್ಥ. ಕೋರ್ ಅಂದ್ರೆ ಚಿಕ್ಕ ರೇಡಿಯೇಟರ್ ಅಷ್ಟೆ, ಇಂಜಿನ್ನಿಂದ ಬಿಸಿ ಕೂಲಂಟ್ ಒಂದು ಹೋಸಲ್ಲಿ ಬಂದು ಇನ್ನೊಂದರಲ್ಲಿ ವಾಪಸ್ ಹೋಗತ್ತೆ, ಹಿಂದಿಂದ ಬ್ಲೋಯರ್ ಗಾಳಿ ಊದತ್ತೆ.

ನಮ್ಮೂರ ಮೆಕ್ಯಾನಿಕ್‌ಗೆ ತೋರಿಸಿದ್ರೆ ಅವರು ಬಾನೆಟ್ ಎತ್ತಿ ನೋಡಿ, "ಸಾರ್, ಎರಡೂ ಪೈಪ್ ಕಿತ್ತು ಒಂದಕ್ಕೊಂದು ಸಿಕ್ಕಿಸಿ ಲೂಪ್ ಮಾಡ್ಬಿಡ್ತೀನಿ, ಅರ್ಧ ಗಂಟೆ ಕೆಲಸ, ಇಲ್ಲಿ ಯಾರ್ ಸಾರ್ ಹೀಟರ್ ಹಾಕ್ತಾರೆ" ಅಂದ್ರು. ತಪ್ಪೇನಿಲ್ಲ, ದಾರೀಲಿ ಸೋರೋಕೆ ಶುರುವಾದ್ರೆ ಮನೆ ಮುಟ್ಟೋಕೆ ಅದೇ ದಾರಿ, ನಾನೂ ಬೇಸಿಗೆ ಪೂರ್ತಿ ಹಂಗೇ ಓಡಿಸ್ದೆ. ಆದ್ರೆ ನಮ್ಮ ಕಡೆ ಓಡೋ ಎಷ್ಟೋ ಹಳೇ ಜಿಪ್ಸಿಗಳಲ್ಲಿ ಆ ಲೂಪ್ ಪರ್ಮನೆಂಟ್ ಆಗಿಬಿಟ್ಟಿದೆ, ಓನರಿಗೇ ಗೊತ್ತಿರಲ್ಲ, ಮಳೆಗಾಲದಲ್ಲಿ ಬಟ್ಟೆ ಹಿಡ್ಕೊಂಡು ಒರೆಸ್ತಾ ಇರ್ತಾರೆ. ಸೆಕೆಂಡ್‌ಹ್ಯಾಂಡ್ ತಗೊಂಡಿದ್ರೆ ಮೊದ್ಲು ಫೈರ್‌ವಾಲ್, ಅಂದ್ರೆ ಇಂಜಿನ್ನಿಗೂ ಕ್ಯಾಬಿನ್ನಿಗೂ ಮಧ್ಯದ ತಗಡಿನ ಗೋಡೆ ಹತ್ರ ಹೋಸ್ ಎರಡೂ ಇದ್ಯಾ ನೋಡ್ಕೊಳ್ಳಿ.

ಇನ್ನೊಂದು ಮಾತು, ಕೋರ್ ಬದಲಾಯಿಸೋಕೆ ಮುಂಚೆ ತರ್ಮೋಸ್ಟಾಟ್, ಅಂದ್ರೆ ಇಂಜಿನ್ ಬಿಸಿ ಆಗೋವರೆಗೂ ಕೂಲಂಟ್ ರೇಡಿಯೇಟರಿಗೆ ಹೋಗದಂಗೆ ತಡೆಯೋ ವಾಲ್ವ್, ಚೆಕ್ ಮಾಡ್ಲೇಬೇಕು. ಗಾಡಿ ಹೀಟ್ ಆಗತ್ತೆ ಅಂತ ಯಾವ್ದೋ ಕಾಲದಲ್ಲಿ ಯಾರೋ ಅದನ್ನ ಕಿತ್ತು ಬಿಸಾಡಿರ್ತಾರೆ, ನನ್ನ ಗಾಡೀಲೂ ಇರ್ಲಿಲ್ಲ. ಅದಿಲ್ದಿದ್ರೆ ಮಳೇಲಿ ಇಂಜಿನ್ ಸರಿಯಾಗಿ ಬಿಸಿನೇ ಆಗಲ್ಲ, ಪೆಟ್ರೋಲೂ ಜಾಸ್ತಿ ಕುಡಿಯತ್ತೆ, ಹೊಸ ಕೋರ್ ಹಾಕಿದ್ರೂ ಬರೋದು ಉಗುರುಬೆಚ್ಚಗಿನ ಗಾಳಿ. 82 ಡಿಗ್ರಿಗೆ ಬಾಯಿ ಬಿಡೋದು ಒಂದು ತಂದೆ, ಕುದಿಯೋ ನೀರಲ್ಲಿ ಹಾಕಿ ತೆಗೆಯತ್ತಾ ಅಂತ ನೋಡಿಯೇ ಹಾಕಿದ್ದು. ಹಾಗೇ ಕೋರ್ ಸೋರದೆ ಬರೀ ಬಿಸಿ ಬರ್ತಿಲ್ಲ ಅನ್ನೋರು, ಇಂಜಿನ್ ಬಿಸಿ ಆದ್ಮೇಲೆ ಲಿವರ್ ಹಾಟ್‌ಗೆ ತಳ್ಳಿ ಎರಡೂ ಹೋಸ್ ಮುಟ್ಟಿ ನೋಡಿ. ಒಂದು ಸುಡ್ತಾ ಇನ್ನೊಂದು ತಣ್ಣಗಿದ್ರೆ ಕೋರ್ ಕಟ್ಟಿದೆ ಇಲ್ಲ ಕೋರಿಗೆ ಕೂಲಂಟ್ ಬಿಡೋ ಹೀಟರ್ ವಾಲ್ವ್ ತೆಗೀತಿಲ್ಲ, ಎರಡೂ ಬಿಸಿ ಇದ್ರೆ ತೊಂದ್ರೆ ಗಾಳಿ ಕಡೆ.

ಕೋರ್ ಹುಡುಕೋದು ಒಂದು ದೊಡ್ಡ ಕೆಲಸ. ಹೊಸದು ಊರ ಕಡೆ ಅಂಗಡೀಲಿ ಸಿಗ್ಲಿಲ್ಲ, ಬೆಂಗಳೂರಿಗೆ ಬೇರೆ ಕೆಲಸದ ಮೇಲೆ ಹೋದಾಗ ಜೆ.ಸಿ. ರೋಡಲ್ಲಿ ಅಂಗಡಿ ಅಂಗಡಿ ಕೇಳಿ ತಗೊಂಡೆ. ಶಿವಾಜಿನಗರದಲ್ಲಿ ಹಳೇ ಗಾಡಿಯಿಂದ ಕಿತ್ತಿದ್ದೂ ಸಿಗತ್ತೆ, ಆದ್ರೆ ಹಳೇ ಕೋರ್ ತಗೊಳ್ಳೋದು ನನಗೆ ಇಷ್ಟ ಇಲ್ಲ, ಡ್ಯಾಶ್‌ಬೋರ್ಡ್ ಬಿಚ್ಚೋ ಕೆಲಸ ಯಾರೂ ಖುಷಿಗೆ ಎರಡು ಸಲ ಮಾಡಲ್ಲ. ತಾಮ್ರ-ಹಿತ್ತಾಳೆದು ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಮುಂದೆ ಸೋರಿದ್ರೆ ರೇಡಿಯೇಟರ್ ಅಂಗಡೀಲಿ ಬೆಸುಗೆ ಹಾಕ್ಕೊಡ್ತಾರೆ, ಅಲ್ಯೂಮಿನಿಯಂ ಆದ್ರೆ ಆ ತರ ಸುಲಭಕ್ಕೆ ಹಾಕೋಕಾಗಲ್ಲ. ಹೊಸದಾದ್ರೂ ಮನೇಲಿ ಟೆಸ್ಟ್ ಮಾಡಿ, ಒಂದು ಬಾಯಿ ಮುಚ್ಚಿ ಇನ್ನೊಂದಕ್ಕೆ ಹೋಸ್ ಕಟ್ಟಿ, ನೀರಿನ ಬಕೆಟಲ್ಲಿ ಮುಳುಗಿಸಿ ಸೈಕಲ್ ಪಂಪಲ್ಲಿ ಮೆಲ್ಲಗೆ ಗಾಳಿ ಹೊಡೀರಿ. ರೇಡಿಯೇಟರ್ ಕ್ಯಾಪ್ ತಡೆಯೋದೇ 0.9 ಕೆಜಿ ಪ್ರೆಶರ್, ಅದಕ್ಕಿಂತ ಜಾಸ್ತಿ ಹೊಡೆದು ಹೊಸ ಕೋರ್ ಹಾಳು ಮಾಡ್ಕೋಬೇಡಿ.

ಈಗ ಬಿಚ್ಚೋದು. ಇಂಜಿನ್ ತಣ್ಣಗಿರೋವಾಗ ಬ್ಯಾಟರಿ ನೆಗೆಟಿವ್ ತೆಗೆದು ಕೂಲಂಟ್ ಬಕೆಟಿಗೆ ಇಳಿಸ್ದೆ. ಆ ಬಕೆಟ್ ನಾಯಿ ಬೆಕ್ಕಿಗೆ ಸಿಗೋ ಕಡೆ ಇಡ್ಬೇಡಿ, ರುಚಿ ಸಿಹಿ ಇರತ್ತೆ ಅಂತ ನೆಕ್ತವೆ, ಅದು ವಿಷ. ಆಮೇಲೆ ಸ್ಟೇರಿಂಗ್ ವೀಲ್ ತೆಗೀಬೇಕು, ನಟ್ ಪೂರ್ತಿ ಬಿಚ್ಚದೆ ಕೊನೇ ಎರಡು ಎಳೆ ಮೇಲಿರೋ ಹಂಗೆ ಬಿಟ್ಟು ಅಲ್ಲಾಡಿಸಿ ಎಳೀರಿ, ಇಲ್ಲಾಂದ್ರೆ ಕಚ್ಕೊಂಡಿದ್ದು ಒಮ್ಮೆಲೇ ಬಿಟ್ಟು ಮುಖಕ್ಕೆ ಬಡಿಯತ್ತೆ. ಸ್ಪೀಡೋಮೀಟರ್ ಕೇಬಲ್, ಮೀಟರಿನ ವೈರ್ ಸಾಕೆಟ್, ಬಾನೆಟ್ ಎಳೆಯೋ ಕೇಬಲ್, ಹೀಟರ್ ಲಿವರಿನ ಕೇಬಲ್ ಎಲ್ಲಾ ಒಂದೊಂದೇ ಬಿಡಿಸ್ತಾ ಬಂದೆ, ಪ್ರತಿ ಸಾಕೆಟ್ ಬಿಡಿಸೋ ಮುಂಚೆ ಮೊಬೈಲಲ್ಲಿ ಫೋಟೋ. ಸ್ಕ್ರೂಗಳನ್ನ ಒಂದೇ ಡಬ್ಬೀಲಿ ಹಾಕದೆ ಮೊಟ್ಟೆ ಟ್ರೇಲಿ ತೆಗೆದ ಕ್ರಮಕ್ಕೇ ಇಟ್ಕೊಂಡೆ. ಡ್ಯಾಶ್ ಪೂರ್ತಿ ಹೊರಗೆ ತರ್ಲೇಬೇಕು ಅಂತಿಲ್ಲ, ಹಿಂದಕ್ಕೆ ಎಳೆದು ಸೀಟ್ ಮೇಲೆ ಒರಗಿಸಿದ್ರೆ ಹೀಟರ್ ಬಾಕ್ಸ್ ಹೊರಗೆ ಬರೋಷ್ಟು ಜಾಗ ಆಗತ್ತೆ, ಆದ್ರೆ ಒಬ್ಬರೇ ಆಗಲ್ಲ, ಹಿಡ್ಕೊಳೋಕೆ ಇನ್ನೊಬ್ಬರು ಬೇಕು. ನನ್ನ ಜೊತೆ ಭಾವ ಇದ್ರು, "ಭಾವ, ಸ್ವಲ್ಪ ಎತ್ತಿ, ಎಳೀಬೇಡಿ" ಅಂತ ನಾನು, "ಎಂತ ಎತ್ತೋದು, ಕೈ ಸಿಕ್ಕಾಕ್ಕೊಂಡಿದೆ" ಅಂತ ಅವರು, ಹಂಗೇ ಬಂತು.

ಹೋಸುಗಳು ಕೋರಿನ ಮೂತಿಗೆ ವರ್ಷಗಟ್ಟಲೆ ಅಂಟ್ಕೊಂಡಿರ್ತವೆ, ಪಕ್ಕಡ್ ಹಾಕಿ ತಿರುಚಿದ್ರೆ ಮೂತಿನೇ ಬೆಸುಗೆಯಿಂದ ಕಿತ್ಕೊಂಡು ಬರತ್ತೆ. ಕೋರ್ ಹೆಂಗೂ ಹೋಗಿದೆ ಅಂದ್ಕೊಂಡ್ರೂ ಅಭ್ಯಾಸ ಒಳ್ಳೇದು, ಬ್ಲೇಡಲ್ಲಿ ಉದ್ದಕ್ಕೆ ಸೀಳಿ ಬಿಡಿಸಿ. ಹೋಸ್ ಹೊಸದು ಹಾಕೋದೇ, ಹಳೇದರ ಒಂದು ತುಂಡು ಕೈಲಿ ಹಿಡ್ಕೊಂಡು ಅಂಗಡಿಗೆ ಹೋದ್ರೆ ಸೈಜಿನ ಗೋಳಿರಲ್ಲ.

ಬಾಕ್ಸ್ ಬಿಚ್ಚಿದ್ರೆ ಒಳಗೆ ಒಂದು ಲೋಕವೇ ಇತ್ತು. ಗಾಳಿ ಬರೋ ದಾರೀಲಿ ಸಿಲ್ವರ್ ಓಕ್ ಎಲೆ ಪುಡಿ, ಕಡಜದ ಮಣ್ಣಿನ ಗೂಡು, ಬ್ಲೋಯರ್ ಹತ್ರ ಇಲಿ ತಂದಿಟ್ಟ ಭತ್ತದ ಹೊಟ್ಟು. ಕೋರಿನ ಕೆಳಗಿನ ಮೂಲೇಲಿ ಹಸಿರು ಬಿಳಿ ಕಿಲುಬು, ಅಲ್ಲೇ ಸೋರಿಕೆ. ಒಳಗಡೆ ಕೊಳವೆಗಳಲ್ಲಿ ಬಿಳೀ ಗಸಿ, ಬೋರ್‌ವೆಲ್ ನೀರು ಹಾಕಿ ಹಾಕಿ ಕಟ್ಟಿರೋದು. ಹಿಂದಿನ ಓನರ್ ಮಾತ್ರ ಅಂತಲ್ಲ, ಎಸ್ಟೇಟ್ ಗಾಡಿಗಳಿಗೆ ರೇಡಿಯೇಟರ್ ಕಡಿಮೆ ಆದ್ರೆ ಪೈಪ್ ಹಿಡಿಯೋದೇ ಪದ್ಧತಿ. ಕೂಲಂಟ್ ಬರೀ ತಂಪು ಮಾಡೋಕಲ್ಲ, ತುಕ್ಕು ತಡೆಯೋದು ಅದರ ಮುಖ್ಯ ಕೆಲಸ ನಮ್ಮ ಹವಾಮಾನದಲ್ಲಿ. ಅದಕ್ಕೇ ಹೊಸ ಕೋರ್ ಹಾಕೋ ಮುಂಚೆ ಇಂಜಿನ್ ಕಡೆಯೂ ಫ್ಲಶ್ ಮಾಡ್ದೆ, ಇಲ್ಲಾಂದ್ರೆ ಅಲ್ಲಿರೋ ಗಸಿ ಬಂದು ಹೊಸ ಕೋರಲ್ಲಿ ಕೂರತ್ತೆ.

ಇಲ್ಲಿ ಎಲ್ಲರೂ ಬಿಡೋ ಒಂದು ಸಣ್ಣ ಕೆಲಸ ಇದೆ, ಫೋಮ್. ಕೋರಿನ ಸುತ್ತ ಇದ್ದ ಫೋಮ್ ಪಟ್ಟಿ ಮುಟ್ಟಿದ್ರೆ ಪುಡಿ ಆಗೋ ಹಂಗಿತ್ತು. ಅದು ಇಲ್ಲಾಂದ್ರೆ ಗಾಳಿ ಕೋರಿನ ಮಧ್ಯೆ ಹೋಗದೆ ಪಕ್ಕದ ಸಂದೀಲಿ ನುಸುಳಿ ತಣ್ಣಗೇ ಬರತ್ತೆ. ಸೀಟ್ ಹೊಲಿಯೋ ಅಂಗಡೀಲಿ ಒತ್ತಾದ ಫೋಮ್ ತಂದು ಪಟ್ಟಿ ಕತ್ತರಿಸಿ ನಾಲ್ಕೂ ಸುತ್ತ ಅಂಟಿಸ್ದೆ, ಗಾಳಿ ತಿರುಗಿಸೋ ರೆಕ್ಕೆಗಳ ಅಂಚಿಗೂ ಹಚ್ದೆ. ನನ್ನ ಪ್ರಕಾರ ಗಾಳಿ ಇಷ್ಟು ಬಿಸಿ ಬರೋದ್ರಲ್ಲಿ ಕೋರಿನಷ್ಟೇ ಪಾಲು ಆ ಫೋಮಿಂದು. ಗ್ಲಾಸಿನ ಬುಡಕ್ಕೆ ಹೋಗೋ ಎರಡು ಪೈಪ್‌ಗಳೂ ಕಳಚಿಕೊಂಡಿರ್ತವೆ, ಡ್ಯಾಶ್ ಕೂರಿಸೋ ಮುಂಚೆ ಸಿಕ್ಕಿಸಿ ಟೇಪ್ ಸುತ್ತಿ, ಆಮೇಲೆ ಕೈ ಹೋಗಲ್ಲ. ಬ್ಲೋಯರ್ ಫುಲ್ ಸ್ಪೀಡಲ್ಲಿ ಮಾತ್ರ ತಿರುಗ್ತಾ ಕಡಿಮೆ ಸ್ಪೀಡ್ ಬರ್ತಿಲ್ಲ ಅಂದ್ರೆ ರೆಸಿಸ್ಟರ್ ಸುಟ್ಟಿರತ್ತೆ, ಅದನ್ನೂ ಇದೇ ಹೊತ್ತಲ್ಲಿ ಹಾಕ್ಬಿಡಿ.

ಜೋಡಿಸೋದು ಉಲ್ಟಾ ಕ್ರಮ, ಅದರ ಬಗ್ಗೆ ಬರೆಯೋಕೇನಿಲ್ಲ. ಲಿವರ್ ಕೇಬಲ್ ಮಾತ್ರ ಡ್ಯಾಶ್ ಟೈಟ್ ಮಾಡೋ ಮೊದ್ಲೇ ಅಡ್ಜಸ್ಟ್ ಮಾಡಿ, ಕೋಲ್ಡ್‌ಗೆ ತಂದಾಗ ವಾಲ್ವ್ ಪೂರ್ತಿ ಮುಚ್ಚಬೇಕು, ಇಲ್ಲಾಂದ್ರೆ ಏಪ್ರಿಲ್‌ನಲ್ಲಿ ಕಾಲು ಬೇಯತ್ತೆ.

ಏರ್ ತೆಗೆಯೋದಕ್ಕೆ ಗಾಡಿ ಮೂತಿ ಮೇಲಿರೋ ತರ ಕಣದ ಏರಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಟೈರಿಗೆ ಕಲ್ಲು ಕೊಟ್ಟು, ಹೀಟರ್ ಲಿವರ್ ಪೂರ್ತಿ ಹಾಟಲ್ಲಿಟ್ಟು, ತಣ್ಣಗಿರೋವಾಗ್ಲೇ ಕ್ಯಾಪ್ ತೆಗೆದು ಕೂಲಂಟ್ ತುಂಬಿಸಿ ಇಂಜಿನ್ ಸ್ಟಾರ್ಟ್ ಮಾಡ್ದೆ. ಹೋಸ್ ಮೆಲ್ಲಗೆ ಹಿಂಡ್ತಾ ಇದ್ರೆ ಗುಳ್ಳೆ ಬರ್ತಾ ಮಟ್ಟ ಇಳಿಯತ್ತೆ, ತುಂಬಿಸ್ತಾ ಹೋಗೋದು, ತರ್ಮೋಸ್ಟಾಟ್ ಬಾಯಿ ಬಿಟ್ಟು ಗುಳ್ಳೆ ನಿಂತ್ಮೇಲೆ ಕ್ಯಾಪ್ ಹಾಕೋದು. ಡ್ಯಾಶ್ ಒಳಗೆ ಗುಳುಗುಳು ಸದ್ದು ಕೇಳ್ತಿದ್ರೆ ಇನ್ನೂ ಗಾಳಿ ಇದೆ ಅಂತ, ಮಾರನೇ ದಿನ ತಣ್ಣಗಾದ್ಮೇಲೆ ಮತ್ತೆ ಮಟ್ಟ ನೋಡಿ.

ಈಗ ಮಳೇಲಿ ಲಿವರ್ ಗ್ಲಾಸ್ ಕಡೆ ಹಾಕಿ, ಗಾಳಿ ಹೊರಗಿಂದ ಬರೋ ಕಡೆಗೇ ಇಟ್ಟು ಓಡಿಸ್ತೀನಿ. ಒಳಗಿನ ಗಾಳಿನೇ ಸುತ್ತೋ ಹಂಗೆ ಇಟ್ರೆ ನೆಂದ ಬಟ್ಟೆಯ ತೇವ ಹೊರಗೆ ಹೋಗೋಕೆ ದಾರಿನೇ ಇರಲ್ಲ. ಬದಿ ಕಿಟಕಿ ಒಂದು ಬೆರಳು ಇಳಿಸಿದ್ರೆ ಇನ್ನೂ ಬೇಗ ಆರತ್ತೆ. ಬಾನೆಟ್ ಬುಡದಲ್ಲಿ ಗಾಳಿ ಒಳಗೆ ಬರೋ ಬಾಯಿಗೆ ಕಬ್ಬಿಣದ ಜಾಲರಿ ಬಡಿದಿದೀನಿ, ಸೊಳ್ಳೆ ಪರದೆಯಷ್ಟು ಸಣ್ಣದು ಹಾಕಿದ್ರೆ ಗಾಳಿ ತಡೆಯತ್ತೆ, ಇಲಿ ಮರಿ ನುಗ್ಗದಷ್ಟು ಕಣ್ಣಿರೋದು ಸಾಕು.