ಅಣ್ಣಂದಿರ ಜಾಡು ಸಿಕ್ಕಿದ್ದು ತಂಗಿಯ ಮನೆಯಲ್ಲಿ

ವಂಶಾವಳಿ ಹುಡುಕುವ ಗೆಳೆಯರ ಮುಂದೆ ನನ್ನ ದಾರಿ ಹೇಳಿದಾಗಲೆಲ್ಲ ಒಂದೇ ಮಾತು ಬರುತ್ತಿತ್ತು: ‘ಕೊಟ್ಟ ಹೆಣ್ಣುಮಗಳ ಮನೆಯಿಂದ ಗಂಡಸರ ವಂಶ ಹುಡುಕಿದವರನ್ನು ಕಂಡಿಲ್ಲ ಬಿಡಿ.’ ಈಗ ಕಾಣಬಹುದು. ಧಾತು–ಈಶ್ವರ ಸಂವತ್ಸರದ (1876–78) ಬರದಲ್ಲಿ ಚದುರಿಹೋದ ನಮ್ಮ ಮುತ್ತಜ್ಜನ ಮೂವರು ತಮ್ಮಂದಿರಲ್ಲಿ ಇಬ್ಬರ ಮನೆ ಪತ್ತೆಯಾಗಿದೆ. ಎರಡೂ ಮನೆಗಳಲ್ಲಿ ಕುಳಿತು ರೊಟ್ಟಿ ಉಂಡು ಬಂದಿದ್ದೇನೆ.

ನಮ್ಮದು ಕೆರೂರಿನ ಆಸುಪಾಸಿನ ಹಳ್ಳಿ, ಬಾದಾಮಿ ತಾಲೂಕು. ಆಗ ಅದು ಕಲಾದಗಿ ಜಿಲ್ಲೆ. ವಿಜಾಪುರ ಜಿಲ್ಲಾ ಕೇಂದ್ರವಾದದ್ದು 1885ರಲ್ಲಿ. ಹಳೆಯ ಕಾಗದ ಕೇಳುವವರು ಕಲಾದಗಿ ಎಂದೇ ಕೇಳಬೇಕು, ಇಲ್ಲವಾದರೆ ‘ಇಲ್ಲ’ ಎಂಬ ಉತ್ತರ ಖಾತ್ರಿ. 1872ರಲ್ಲಿ ಎಂಟು ಲಕ್ಷದಷ್ಟಿದ್ದ ಆ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಆರು ಲಕ್ಷ ನಲವತ್ತು ಸಾವಿರದ ಒಳಗೆ ಇಳಿಯಿತು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂಬುದನ್ನು ಮನೆಮನೆಯ ಲೆಕ್ಕದಲ್ಲೇ ಬಿಡಿಸಬೇಕು.

ಮೊದಲ ಎರಡು ವರ್ಷ ಎಲ್ಲರಂತೆ ಉತಾರದ, ಅಂದರೆ ಹೊಲದ ಪಹಣಿಯ, ಬೆನ್ನು ಹತ್ತಿದ್ದೆ. ನಮ್ಮ ಜಿಲ್ಲೆ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಹಕ್ಕುದಾಖಲೆ ಬಂದದ್ದೇ 1903ರ ಕಾಯಿದೆಯಿಂದ. ಬರಗಾಲದಲ್ಲಿ ಹೊಲ ಬಿಟ್ಟು ಹೋದವನ ಹೆಸರು ಅಲ್ಲಿ ಬರುವುದಾದರೂ ಹೇಗೆ? ಅದು ಉಳಿದವರ ದಾಖಲೆ. ನಡುವೆ ಒಬ್ಬ ಏಜೆಂಟ್ ಆರೇಳು ಸಾವಿರ ತೆಗೆದುಕೊಂಡು, 1950ರ ಈಚಿನ ಉತಾರಗಳ ಕಟ್ಟು ತಂದುಕೊಟ್ಟ. ಮೋಡಿ ಲಿಪಿಯ (ಮರಾಠಿಯ ಹಳೆಯ ಕೂಡುಬರಹ) ಹಳೆಯ ಹಾಳೆಗಳನ್ನು ಓದಿಸಲು ಪುಟಕ್ಕೆ ಮುನ್ನೂರರಂತೆ ಕೊಟ್ಟೆ. ಮುತ್ತಜ್ಜನ ಕಂದಾಯ ಬಾಕಿ ಎಷ್ಟೆಂದು ತಿಳಿಯಿತು, ತಮ್ಮಂದಿರ ಸುದ್ದಿಯಿಲ್ಲ.

ಆಮೇಲೆ ಹೆಳವರು, ಮನೆತನಗಳ ವಂಶಾವಳಿ ಬರೆದಿಟ್ಟು ಊರೂರು ತಿರುಗಿ ಓದಿ ಹೇಳುವವರು. ಈಗ ಎತ್ತಿನ ಮೇಲೆ ಬರುವುದಿಲ್ಲ, ಟೆಂಪೋದಲ್ಲಿ ಬರುತ್ತಾರೆ. ಒಂದು ಚೀಲ ಜೋಳ, ಧೋತರದ ಜೋಡಿ, ಮೇಲೆ ಐದು ಸಾವಿರ ಕೊಟ್ಟ ಮೇಲೆ ನಮ್ಮ ಹೆಳವ ಹೊತ್ತಿಗೆ ಬಿಚ್ಚಿದ. ಬೆಡಗು (ಕುಲದೊಳಗಿನ ಬಳಿ), ಮನೆದೇವರು, ಏಳು ತಲೆಯ ಹೆಸರು ಎಲ್ಲ ನೀರು ಕುಡಿದಂತೆ ಓದಿದ. ಎರಡನೆಯವನ ಎದುರು ‘ಮೊಗಲಾಯಿಗೆ ಹೋದ’ ಎಂದಿತ್ತು. ಮೂರನೆಯವನ ಮತ್ತು ನಾಲ್ಕನೆಯವನ ಮುಂದೆ ಬರೀ ಗೆರೆ. ಮೊಗಲಾಯಿ ಅಂದರೆ ನಿಜಾಮನ ಸೀಮೆ, ಹೈದರಾಬಾದ್ ಕರ್ನಾಟಕವೆಲ್ಲ ಅದರಲ್ಲೇ ಬಂತು, ಎಲ್ಲಿ ಹುಡುಕುವುದು? ಹೆಳವರ ಪುಸ್ತಕ ಅಮೂಲ್ಯವಾದದ್ದು, ಆದರೆ ಅದು ರಾಶಿ ಮಾಡುವ ಒಕ್ಕಲಿನ ಹಿಂದೆ ಹೋಗುತ್ತದೆ. ಕೂಲಿಗೆ ಹೋದವನ ಮನೆಯಲ್ಲಿ ಕಾಣಿಕೆ ಎಲ್ಲಿಂದ ಬರಬೇಕು?

ನಮ್ಮ ಮನೆಯ ಹಿರಿಯ ಹೆಂಗಸರಿಗೆ ಗೊತ್ತಿದ್ದದ್ದು ಒಂದೇ: ನಾಲ್ವರಿಗೂ ಕಿರಿಯಳಾದ ತಂಗಿಯನ್ನು ನರಗುಂದದ ಕಡೆ ಕೊಟ್ಟಿತ್ತು. ಅಣ್ಣತಮ್ಮಂದಿರು ಹೊಲಕ್ಕೆ ಜಗಳವಾಡಿ ಮಾತು ಬಿಟ್ಟಿರಬಹುದು, ತಂಗಿಯ ಮಕ್ಕಳ ಮದುವೆಗೆ ಬಾರದೆ ಇರುತ್ತಾರೆಯೇ? ಸೋದರಮಾವನಿಲ್ಲದೆ ನಮ್ಮ ಕಡೆ ಅಕ್ಕಿಕಾಳು ಬೀಳುವುದಿಲ್ಲ. ಮಾವ ಬಂದರೆ ಆಯೇರಿ, ಅಂದರೆ ಮದುವೆಯ ಉಡುಗೊರೆ, ಬರುತ್ತದೆ, ಆಯೇರಿ ಬಂದರೆ ತಿರುಗಿ ಮಾಡಬೇಕಾದ್ದರಿಂದ ಪಟ್ಟಿ ಬರೆದಿಡುತ್ತಾರೆ. ನನ್ನ ಲೆಕ್ಕ ಇಷ್ಟೇ.

ಆ ಮನೆಯವರ ಅಟ್ಟದ ಮೇಲಿನ ಟ್ರಂಕಿನಲ್ಲಿ ಕೆಂಪು ಬಟ್ಟೆಯ ರಟ್ಟಿನ, ಉದ್ದನೆಯ ನಾಲ್ಕು ಲೆಕ್ಕದ ಪುಸ್ತಕಗಳಿದ್ದವು. ಅಂಚನ್ನೆಲ್ಲ ಗೆದ್ದಲು ತಿಂದಿತ್ತು. 1930ರ ಆಸುಪಾಸಿನ ಒಂದು ಮದುವೆಯ ಪಟ್ಟಿಯಲ್ಲಿ ‘ಆಯಿಯ ತವರಿನವರು’ ಎಂದು ಬೇರೆ ತಲೆಬರಹವೇ ಇತ್ತು. ಅದರ ಕೆಳಗೆ ನಮ್ಮ ಊರು. ಅದರ ಕೆಳಗೆ ‘ಕೆರೂರ, ಮೊಗಲಾಯಿ, ಕುಷ್ಟಗಿ ತಾಲೂಕು’ ಎಂದು ಊರಿನ ಹೆಸರಿನ ಸಹಿತ: ಖಣ ಒಂದು, ರೂಪಾಯಿ ಒಂದು. ಅದರ ಕೆಳಗೆ ‘ಕೆರೂರ, ಸೋಲಾಪುರ ಗಿರಣಿ’: ರುಮಾಲು ಒಂದು, ರೂಪಾಯಿ ಎರಡು.

‘ಕೆರೂರ’ ಎಂಬ ಅಡ್ಡಹೆಸರನ್ನು ನೋಡಿದಿರಾ? ಊರಲ್ಲಿ ಉಳಿದ ನಮಗೆ ಆ ಅಡ್ಡಹೆಸರಿಲ್ಲ. ಊರು ಬಿಟ್ಟವನಿಗೆ ಬಿಟ್ಟ ಊರಿನ ಹೆಸರು ಅಂಟುತ್ತದೆ. ಹಳ್ಳಿ ಸಣ್ಣದಾದರೆ ಹತ್ತಿರದ ಸಂತೆಯ ಊರಿನದು. ಒಂದೇ ತಾಯಿಯ ಮಕ್ಕಳ ಮನೆತನಗಳು ಎರಡು ಅಡ್ಡಹೆಸರಿನಲ್ಲಿ ಬೆಳೆದಿರುವಾಗ, ನಮ್ಮ ಅಡ್ಡಹೆಸರು ಹಿಡಿದು ಮತದಾರರ ಪಟ್ಟಿ ಜಾಲಾಡಿದರೆ ಏನು ಸಿಗುತ್ತದೆ?

ಕುಷ್ಟಗಿಯ ಕಡೆಯವರು ಒಂದೇ ದಿನದಲ್ಲಿ ಸಿಕ್ಕರು. ಅದೇ ಊರು, ಅದೇ ಓಣಿ. ಸೋಲಾಪುರ ಸುಲಭವಿರಲಿಲ್ಲ. ಹೊಟಗಿ–ಗದಗ ರೈಲುದಾರಿಯ ಮಣ್ಣಿನ ಕೆಲಸಕ್ಕೆ ಹೋದವನು ಹಾಗೆಯೇ ಮುಂದೆ ಸೋಲಾಪುರದ ಬಟ್ಟೆ ಗಿರಣಿ ಸೇರಿದ ಎಂದು ಆ ಮನೆಯವರು ಹೇಳುತ್ತಾರೆ. ಈಗ ಮನೆಮಾತು ಮರಾಠಿ, ಅಜ್ಜಿಯೊಬ್ಬರಿಗೆ ಮಾತ್ರ ಕನ್ನಡ ಬರುತ್ತದೆ. ಅವರನ್ನು ಕಂಡದ್ದು ಗೊಡಚಿಯಲ್ಲಿ, ಹೊಸ್ತಿಲ ಹುಣ್ಣಿಮೆಯ ಜಾತ್ರೆಯಲ್ಲಿ. ಭಾಷೆ ಬಿಟ್ಟರೂ ಮನೆದೇವರಾದ ವೀರಭದ್ರನನ್ನು ಬಿಟ್ಟಿರಲಿಲ್ಲ. ಮೊಮ್ಮಗನ ಜವಳಕ್ಕೆ ಬಂದಿದ್ದರು. ಅಷ್ಟು ಜನಜಂಗುಳಿಯಲ್ಲಿ ಸೋಲಾಪುರದವರನ್ನು ಹೇಗೆ ಬೇರ್ಪಡಿಸಿ ಹಿಡಿದೆ ಎಂಬುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಇನ್ನೂ ಬೇಕಾಗುತ್ತದೆ.

ತಾಳೆ ನೋಡಿದ್ದು ಮೂರು ಬಗೆಯಲ್ಲಿ: ಬೆಡಗು, ಮನೆದೇವರು, ಮತ್ತು ಅಜ್ಜನ ಹೆಸರು. ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿಯಿಂದಾಗಿ, ಆ ನಾಲ್ವರ ತಂದೆಯ ಹೆಸರು ಮೂರೂ ಮನೆಗಳಲ್ಲಿ ಒಂದು ತಲೆ ಬಿಟ್ಟು ಒಂದು ತಲೆಯಲ್ಲಿ ಬರುತ್ತದೆ. ಒಂದೆರಡು ಕಡೆ ಕೂಡಿ ಬಂದರೆ ನಾನು ಒಪ್ಪುವುದಿಲ್ಲ, ಮೂರೂ ಕೂಡಬೇಕು.

ಈ ನಡುವೆ ಡಿಎನ್‌ಎ ಪರೀಕ್ಷೆಯನ್ನೂ ಮಾಡಿಸಿದೆ. ಎಂಟೊಂಬತ್ತು ಸಾವಿರ ಹೋಯಿತು. ತಲೆತಲಾಂತರದಿಂದ ಸೋದರಿಕೆಯಲ್ಲೇ ಕೊಟ್ಟು ತಂದ ಮನೆತನಗಳಲ್ಲಿ ದೂರದವರೂ ಹತ್ತಿರದವರಂತೆ ಕಾಣುತ್ತಾರೆ. ದಕ್ಷಿಣ ಆಫ್ರಿಕಾದ ನಟಾಲಿನ ಹಡಗುಪಟ್ಟಿಗಳನ್ನೂ ನೋಡಿದೆ. 1860ರಿಂದ 1911ರವರೆಗೆ ಅಲ್ಲಿಗೆ ಹೋದ ಒಂದೂವರೆ ಲಕ್ಷ ಕೂಲಿಗಳ ಹೆಸರು, ತಂದೆಯ ಹೆಸರು, ವಯಸ್ಸು, ಜಿಲ್ಲೆ, ಊರು ಅದರಲ್ಲಿವೆ. ನಮ್ಮ ಸೀಮೆಯವರಿಗೆ ಹೊಂದುವ ಹೆಸರು ಸಿಗಲಿಲ್ಲ. ಮದ್ರಾಸಿನಲ್ಲಿ ಹಡಗು ಹತ್ತಿದ ಮೈಸೂರು ಸೀಮೆಯವರು ಅದರಲ್ಲಿದ್ದಾರೆ, ಆ ಕಡೆಯವರು ಒಮ್ಮೆ ತಿರುವಿ ಹಾಕಿ.

ಒಟ್ಟು ಖರ್ಚು ಎಪ್ಪತ್ತು ಸಾವಿರದ ಹತ್ತಿರ. ಅದರಲ್ಲಿ ಫಲ ಕೊಟ್ಟದ್ದು ಹತ್ತು ಹನ್ನೆರಡು ಸಾವಿರ: ಬಸ್ಸಿನ ಚಾರ್ಜು, ನರಗುಂದದ ಕಡೆಯ ಆ ಮನೆಗೆ ಒಯ್ದ ಸೀರೆ, ಹೆಳವನ ಕಾಣಿಕೆ. ನಾಲ್ಕನೆಯವನು ಬಾಕಿಯಿದ್ದಾನೆ. ಸೋಲಾಪುರದ ಮನೆಯ ಒಂದು ಆಯೇರಿ ಪಟ್ಟಿಯಲ್ಲಿ ಬಾರ್ಶಿ ಕಡೆಯ ‘ಕೆರೂರ’ ಎಂಬ ಒಂದು ಸಾಲಿದೆ. ಜೋಳದ ಸುಗ್ಗಿ ಮುಗಿದ ಮೇಲೆ ಬಾರ್ಶಿಗೆ ಹೊರಡುತ್ತೇನೆ.